ಓಣಿ ದಾಟಿದ ವಾಯರು

ಬೆಟಗೇರಿಯ ಆ ಓಣಿಯಲ್ಲಿ ನಳಕ್ಕೆ ನೀರು ಬಂದಾಗ ಮೊದಲು ಕೇಳಿಸುವುದು ನೀರಿನ ಸದ್ದಲ್ಲ, ಮೋಟಾರಿನದು. ದಿನಗಟ್ಟಲೆ ಕಾಯಿಸಿ ಬರುವ ನೀರು ತಾನಾಗಿ ಮೇಲೇರುವುದಿಲ್ಲ. ಪ್ರತಿ ಮನೆಯ ಬಾಗಿಲ ಮುಂದಿನ ಗುಂಡಿಗೆ ಸಣ್ಣದೊಂದು ಮೋಟಾರು ಇಳಿಯುತ್ತದೆ, ಅದರ ವಾಯರು ಹೊರಗೋಡೆಯ ಸ್ವಿಚ್ ಬೋರ್ಡಿಗೆ ಹೋಗುತ್ತದೆ. ಶೇಖವ್ವನ ವಾಯರು ಮಾತ್ರ ಓಣಿ ದಾಟಿ ಎದುರಿನ ಮೋತಿಬಿಯ ಮನೆಗೆ ಹೋಗುತ್ತಿತ್ತು.

ಶೇಖವ್ವನ ಮನೆಗೆ ಮೋಟಾರು ಬಂದ ವರ್ಷ ಹೊರಗೆ ಬೋರ್ಡ್ ಇರಲಿಲ್ಲ. ಮೋತಿಬಿಯ ಗಂಡ ಇಸ್ಮಾಯಿಲಸಾಬ ಆಗಷ್ಟೇ ತಮ್ಮ ಬಾಗಿಲ ಪಕ್ಕ ಒಂದನ್ನು ಹಾಕಿಸಿದ್ದ. “ನಿಮ್ಮಲ್ಲಿ ಬೋರ್ಡ್ ಆಗೂತನಾ ನಮ್ಮಲ್ಲೇ ಹಚ್ಚವಾ” ಎಂದಳು ಮೋತಿಬಿ. ಆ ‘ಆಗೂತನಾ’ ಮುಗಿಯಲೇ ಇಲ್ಲ. ವಾಯರಿನ ತುದಿಗೆ ಪ್ಲಗ್ ಕೂಡ ಬರಲಿಲ್ಲ. ಸುಲಿದ ಎರಡು ಎಳೆಗಳನ್ನು ಸಾಕೆಟ್ಟಿನ ತೂತಿಗೆ ತುರುಕಿ, ಜಾರದಂತೆ ಕಡ್ಡಿಪೆಟ್ಟಿಗೆಯ ಕಡ್ಡಿ ಚುಚ್ಚಿದ್ದರು.

ಶೇಖವ್ವ ಗುಂಡಿಯ ಬಳಿ ಕುಕ್ಕರಗಾಲಲ್ಲಿ ಕೂತು ಪೈಪು ಜೋಡಿಸಿ “ಹಾಕು ಮೋತೀ!” ಎಂದು ಕೂಗುವಳು.

“ಹಾಕೀನಿ. ನಿನ್ನ ಮೋಟಾರ ನಿನ್ನಂಗ, ಎಬ್ಬಿಸಿದ್ರೂ ಏಳವಲ್ದು.”

“ನಿನ್ನಂಗ ಬಡಬಡ ಅನ್ನೂದಿಲ್ಲಲ್ಲ, ಸಾಕು ಬಿಡು.”

ಬ್ಯಾರಲ್ಲು ತುಂಬುವತನಕ ಮಾತು. ಸೊಸೆಯಂದಿರ ಸುದ್ದಿ, ಮಗ್ಗದ ಸುದ್ದಿ, ಯಾರಿಗೆ ಹೆಣ್ಣು ಗೊತ್ತಾಯಿತು ಎಂಬ ಸುದ್ದಿ. ಮಳೆಗಾಲ ಬರುತ್ತಲೇ ಮೋತಿಬಿ ಬೋರ್ಡಿಗೆ ಖಾಲಿ ಎಣ್ಣೆ ಪಾಕೀಟು ತೊಡಿಸಿ, ಹಳೆ ಕುಪ್ಪಸದ ಅಂಚಿನಿಂದ ಬಿಗಿಯಾಗಿ ಕಟ್ಟುತ್ತಿದ್ದಳು. ಆ ಗಂಟು ಅವಳಿಗೊಬ್ಬಳಿಗೇ ಬಿಚ್ಚಲು ಬರುತ್ತಿತ್ತು.

ಹೋದ ವರ್ಷ ಮೋತಿಬಿ ಮಗಳ ಬಾಣಂತನಕ್ಕೆಂದು ಲಕ್ಷ್ಮೇಶ್ವರಕ್ಕೆ ಹೋದಳು. ಕೂಸು ಅಂಬೆಗಾಲಿಟ್ಟಿತು, ನಡೆಯಿತು. ಮೋತಿಬಿ ತಿರುಗಿ ಬರಲಿಲ್ಲ. ಇಸ್ಮಾಯಿಲಸಾಬ ತೀರಿ ಆಗಲೇ ವರ್ಷಗಳಾಗಿದ್ದವು. ಇಲ್ಲಿ ಉಳಿದವರು ಮಗ ಅಝೀಮ ಮತ್ತು ಅವನ ಹೆಂಡತಿ ಫರ್ಹಾನಾ. ಈಗ ಸ್ವಿಚ್ ಹಾಕುವವಳು ಫರ್ಹಾನಾ. ಒಳ್ಳೆಯ ಹುಡುಗಿ. ಸ್ವಿಚ್ ಹಾಕಿ ಒಳಗೆ ಹೋಗಿಬಿಡುತ್ತಾಳೆ. ಶೇಖವ್ವ ಎದುರಿನ ಬೋರ್ಡಿಗೆ ಮೋತಿಬಿ ಕಟ್ಟಿಹೋದ ಗಂಟನ್ನು ನೋಡುತ್ತ ಬ್ಯಾರಲ್ಲು ತುಂಬಿಸಿಕೊಳ್ಳುತ್ತಾಳೆ.

ಆಷಾಢದ ಒಂದು ಮುಂಜಾನೆ, ಇಡೀ ರಾತ್ರಿ ಜಿಟಿಜಿಟಿ ಸುರಿದು ಮಳೆ ನಿಂತಿತ್ತು. ನಳಕ್ಕೆ ನೀರು ಬಂತು. ಪಾತ್ರೆ ತೊಳೆಯುತ್ತಿದ್ದ ಫರ್ಹಾನಾ ಹಸಿಗೈಯಲ್ಲೇ ಬಂದು ಪಾಕೀಟಿನ ಮೇಲಿಂದ ಸ್ವಿಚ್ ಒತ್ತಿದಳು. ಯಾರೋ ಜಾಡಿಸಿ ಒಗೆದಂತೆ ಕೈ ಹಿಂದಕ್ಕೆ ಹಾರಿತು. ಅವಳು ಹೊಸ್ತಿಲ ಮೇಲೆ ಕುಸಿದು ಕೂತಳು.

ಶೇಖವ್ವ ಪೈಪು ಬಿಟ್ಟು ಓಡಿದಳು. “ಯವ್ವಾ, ಏನಾತs?”

“ಏನಿಲ್ಲ ಚಿಗವ್ವಾ... ಜುಮ್ಮ್ ಅಂತು.” ಹುಡುಗಿಯ ತುಟಿ ಬಿಳಿಚಿತ್ತು.

ಅಝೀಮ ಮೇನ್ ಸ್ವಿಚ್ ಬಂದ್ ಮಾಡಿ, ಹೆಂಡತಿಯನ್ನು ದವಾಖಾನೆಗೆ ತೋರಿಸಿಕೊಂಡು ಬಂದ. ಭಯವಿಲ್ಲ ಎಂದರು. ಮಧ್ಯಾಹ್ನ ವೈರ್‌ಮನ್ ಮಾಂತೇಶ ಬಂದ. ಗಂಟು ಬಿಚ್ಚಲು ಹೋಗಿ ಸೋತು ಕತ್ತರಿ ಹಾಕಿದ. ಪಾಕೀಟಿನೊಳಗಿಂದ ನೀರು ದಳಕ್ಕೆಂದು ಅವನ ಪಾದದ ಮೇಲೆ ಬಿತ್ತು.

“ನೋಡ್ರಿ ಯವ್ವಾ, ಮಳಿ ಒಳಗ ಬರಬಾರದಂತ ಕಟ್ಟೀರಿ. ವಾಯರ ಹಿಡಕೊಂಡು ಬಂದ ನೀರಿಗೆ ಹೊರಗ ಹೋಗಾಕ ದಾರೀನ ಇಲ್ಲ. ಮ್ಯಾಲ ಈ ಕಡ್ಡಿ ಬ್ಯಾರೆ. ಒಲಿ ಹಚ್ಚೂ ಕಡ್ಡಿನೋ, ಚಿತಾ ಹಚ್ಚೂ ಕಡ್ಡಿನೋ?”

“ಹೊಸಾ ಟೇಪ ಸುತ್ತಿ ಬಿಡಪಾ. ಮೋತಿ ಬರೂತನಾ” ಎಂದಳು ಶೇಖವ್ವ.

“ಟೇಪ ಸುತ್ತಿ ಯಾರ ಕೊರಳಿಗೆ ಕಟ್ಲಿ? ಈ ಓಣಿಯೊಳಗಿನ ವಾಯರ ಇವತ್ತ ಹೋಗಬೇಕು. ಇಲ್ಲಾಂದ್ರ ಅಝೀಮನ ಬೋರ್ಡ್ ನಾ ಚಾಲೂ ಮಾಡೂದಿಲ್ಲ.”

ಶೇಖವ್ವ ಒಳಗೆ ಹೋಗಿ ಫೋನು ಹಚ್ಚಿದಳು. ವಿಷಯ ಕೇಳಿದ್ದೇ ಮೋತಿಬಿ ಬೈದಳು. “ನನ್ನ ಸೊಸಿಗೆ ಕರೆಂಟ ಹೊಡದೈತಿ, ನೀ ವಾಯರ ತಗೀಲೇನು ಅಂತ ಕೇಳಾಕತ್ತೀಯಲ್ಲs! ಕಿತ್ತ ಒಗಿ.” ಆಮೇಲೆ ದನಿ ಇಳಿಯಿತು. “ಇಲ್ಲಿ ಬೋರವೆಲ್ ಐತಿ ಶೇಖಾ. ದಿನಾ ನೀರು. ಅದಕ್ಕ ಯಾರೂ ಯಾರನ್ನೂ ಕರಿಯೂದಿಲ್ಲ.”

ಸಂಜೆಯೊಳಗೆ ಶೇಖವ್ವನ ಸ್ವಂತ ಗೋಡೆಗೆ ಬೋರ್ಡ್ ಬಂತು. ಎದೆಮಟ್ಟಕ್ಕೆ, ಗುಂಡಿಯ ಸಿಡಿತ ತಾಗದಷ್ಟು ದೂರ, ಮೇಲೆ ಮುಚ್ಚಳವಿರುವ ಡಬ್ಬಿ. ಮಳೆನೀರು ಕೆಳಗೇ ತೊಟ್ಟಿಕ್ಕಿ ಹೋಗಲೆಂದು ಮಾಂತೇಶ ವಾಯರನ್ನು ಒಮ್ಮೆ ಕೆಳಗೆ ಬಾಗಿಸಿ ತಳದಿಂದ ಒಳಕ್ಕೆ ತಂದ. ಮೂರು ಪಿನ್ನಿನ ಪ್ಲಗ್ ಹಾಕಿದ, ನೆಲ ಅಗೆದು ಇದ್ದಿಲು ಉಪ್ಪು ತುಂಬಿ ಅರ್ಥಿಂಗ್ ಇಳಿಸಿದ. ಕರೆಂಟು ಸೋರಿದರೆ ತಾನೇ ಬೀಳುವ ಟ್ರಿಪ್ಪರನ್ನು ಎರಡೂ ಮನೆಗೆ ಕೂರಿಸಿ, “ಈ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡ್ರಿ. ಠಪ್ ಅಂತ ಬಿದ್ರ ಜೀವಂತ ಐತಿ ಅಂತ ತಿಳೀರಿ” ಎಂದ.

ಹಳೆಯ ವಾಯರನ್ನು ಶೇಖವ್ವ ಸುರುಳಿ ಸುತ್ತಿ ಒಳಗಿಡಲು ಕೈ ಚಾಚಿದಳು. ಮತ್ತೆಲ್ಲಾದರೂ ಹಚ್ಚಿಯಾರೆಂದು ಮಾಂತೇಶ ಅದನ್ನು ಗೇಣುಗೇಣು ತುಂಡು ಮಾಡಿದ. ಅವಳು ಕೊನೆಯ ತುಂಡು ಬೀಳುವವರೆಗೆ ನಿಂತು ನೋಡಿದಳು.

ಮುಂದಿನ ಸರದಿಯ ನೀರು ಬಂದಾಗ ಮೋಟಾರು ಒಂದೇ ಒತ್ತಿಗೆ ಎದ್ದಿತು. ಯಾರನ್ನೂ ಕೂಗಬೇಕಾಗಲಿಲ್ಲ. ಬ್ಯಾರಲ್ಲು, ಕೊಡ, ಬಕೀಟು ಎಲ್ಲ ತುಂಬಿದವು, ಇನ್ನೂ ಹೊತ್ತಿತ್ತು. ಕಟ್ಟೆಯ ಮೇಲೆ ಕೂತ ಶೇಖವ್ವನಿಗೆ ಒಂದು ಮಾತು ಹೊಳೆದು ಕಸಿವಿಸಿಯಾಯಿತು. ಇಷ್ಟು ದಿನದಲ್ಲಿ ತಾನೊಮ್ಮೆಯೂ ಲಕ್ಷ್ಮೇಶ್ವರಕ್ಕೆ ಹೋಗಿರಲಿಲ್ಲ. ವಾಯರು ಕಣ್ಣೆದುರು ಇದ್ದುದರಿಂದ ಮೋತಿ ಇಲ್ಲೇ ಎಲ್ಲೋ ಒಳಗಿದ್ದಾಳೆ ಎಂಬಂತೆ ಇದ್ದುಬಿಟ್ಟಿದ್ದಳು.

ಮರುದಿನ ಮಗ್ಗದ ಮುಂದಿದ್ದ ಗಂಡನಿಗೆ “ರೊಟ್ಟಿ ಬುಟ್ಟಿಯೊಳಗ ಅದಾವು” ಎಂದಷ್ಟೇ ಹೇಳಿ ಹೊರಟಳು. ಬಸ್ಸು ಸೊರಟೂರು ದಾಟಿತು. ಎರಡೂ ಬದಿಗೆ ಹೆಸರಿನ ಹೊಲಗಳು ಹಸಿರಾಗಿದ್ದವು. ಹೋದ ಕೂಡಲೇ ಏನು ಮಾತಾಡುವುದೆಂದು ಅವಳು ಯೋಚಿಸುತ್ತಿದ್ದಳು. ಇಷ್ಟು ವರ್ಷಗಳಲ್ಲಿ ಇಬ್ಬರೂ ನೀರಿನ ನೆಪವಿಲ್ಲದೆ ಒಮ್ಮೆಯೂ ಎದುರುಬದುರು ಕೂತವರಲ್ಲ. ಶಿರಹಟ್ಟಿ ಬಂದರೂ ಮಾತು ಸಿಗಲಿಲ್ಲ. ಕಿಟಕಿಯ ಕಡೆ ಸರಿದು, ಸೆರಗು ಬಿಗಿ ಮಾಡಿಕೊಂಡು, ಲಕ್ಷ್ಮೇಶ್ವರ ಇನ್ನೂ ಎಷ್ಟು ದೂರ ಎಂದು ಪಕ್ಕದವಳನ್ನು ಮತ್ತೊಮ್ಮೆ ಕೇಳಿದಳು.