ಬ್ರೆಡ್ಡಿನ ಕಾಗದದ ಮೇಲಿನ ಗೆರೆ

ಹೆಪ್ಪುಗಟ್ಟಿದ ಕೊಲ್ಲಿಯ ಅರ್ಧದವರೆಗೂ ಕಣಜದ ಗೂಡಿನಂತೆ ಮೊರೆಯುತ್ತ ಹೋದ ಎಂಜಿನ್ನಿನ ದನಿ ಅಲ್ಲಿ ಒಂದು ಸ್ವರ ಕೆಳಗಿಳಿಯಿತು. ಮತ್ತೆ ಏರಲಿಲ್ಲ. ದಡದಲ್ಲಿದ್ದ ನಮಗೆ ಹಿಮದ ಮೇಲೆ ಓಡುವ ನಮ್ಮ ಕೆಂಪು ಬಂಡಿ, ಸ್ನೋಮೊಬೈಲು, ಇನ್ನೂ ಮುಂದಿದ್ದಂತೆಯೇ ಕಾಣುತ್ತಿತ್ತು. ಹಿಲ್ಯಾ ಕೊಸ್ಕೆಲಾ ಮಾತ್ರ ಕಣ್ಣು ಮುಚ್ಚಿ ನಿಂತಿದ್ದಳು.

"ಸೋತ್ವಿ," ಎಂದಳು.

ಆ ಮಾತಿನ ಬೆನ್ನಿಗೇ ಆಚೆ ಊರಿನ ಹಸಿರು ಬಂಡಿ ನಮ್ಮದನ್ನು ದಾಟಿ ಗೆರೆ ಮುಟ್ಟಿತು.

ಮೂರು ಓಟಗಳಲ್ಲಿ ಒಂದು ಹೋಯಿತು. ಇನ್ನೊಂದು ಹೋದರೆ ಹಿಲ್ಯಾ ಬಂಡಿಯ ಕ್ಲಚ್ಚು ಬಿಚ್ಚಿ ಜೋಡಿಸುವ ಮೇಜೂ ಹೋದಂತೆಯೇ. ಶರತ್ಕಾಲದಲ್ಲಿ ಅವಳ ಕಣ್ಣಿನ ಪೊರೆ ತೆಗೆಸಿದ ಮೇಲೆ, ಒಂದು ಶನಿವಾರ ಸೌನಾ ಎಂಬ ಬಿಸಿ ಸ್ನಾನದ ಕೋಣೆಯ ಹಬೆಯಲ್ಲಿ ಕೂತು ತಮ್ಮ ಓನ್ನಿ ಮೆಲ್ಲಗೆ ವಿಷಯ ತೆಗೆದಿದ್ದ. ಮುಂದಿನ ವರ್ಷದಿಂದ ಕ್ಲಚ್ಚಿನ ಕೆಲಸ ಪಟ್ಟಣದ ಅಂಗಡಿಗೆ ಕೊಟ್ಟುಬಿಡೋಣ, ನೀನು ಆರಾಮಾಗಿರು, ಎಂದು. ಹಿಲ್ಯಾ ಒಲೆಯ ಕಲ್ಲಿನ ಮೇಲೆ ಒಂದು ಸೌಟು ನೀರು ಜಾಸ್ತಿಯೇ ಸುರಿದಳು. ಎಲ್ಲರೂ ತಲೆ ತಗ್ಗಿಸಿ ಉಸಿರು ಬಿಗಿಹಿಡಿದಾಗ ಹೇಳಿದಳು: "ಕೊಲ್ಲಿ ಓಟ ಸೋತ್ರೆ ಮೇಜು ನಿಂದು. ಗೆದ್ರೆ ನಾನು ಸಾಯೋ ತನಕ ಅದರ ಮೇಲೆ ಯಾರೂ ಕೈ ಇಡಬಾರದು." ಸೌನಾದಲ್ಲಿ ಆಡಿದ ಮಾತನ್ನು ನಮ್ಮಲ್ಲಿ ಯಾರೂ ಹಿಂದೆ ತೆಗೆದುಕೊಳ್ಳುವುದಿಲ್ಲ.

ಆ ಮೇಜು ಇರುವುದು ಅವಳ ಅಡುಗೆಮನೆಯಲ್ಲೇ. ಒಂದು ತುದಿಯಲ್ಲಿ ಏಲಕ್ಕಿ ಬ್ರೆಡ್ಡಿನ ಹಿಟ್ಟು ಉಬ್ಬುತ್ತಿರುತ್ತದೆ, ಇನ್ನೊಂದು ತುದಿಯಲ್ಲಿ ಗ್ರೀಸು ಮೆತ್ತಿದ ಕ್ಲಚ್ಚು. ಎರಡಕ್ಕೂ ನಡುವೆ ಇಷ್ಟಗಲದ ಬೆಳ್ಳನೆಯ ಗಡಿ. ಹಿಟ್ಟಿನಲ್ಲಿ ಗ್ರೀಸಿನ ವಾಸನೆ ಬಂತೆಂದು ಹೇಳಿದವರು ಇದುವರೆಗೆ ಯಾರೂ ಇಲ್ಲ. ಹೇಳುವ ಧೈರ್ಯವೂ ಯಾರಿಗಿಲ್ಲವೆನ್ನಿ. ಗಂಡ ಇದ್ದಾಗ ಅವನು ಎಂಜಿನ್ನು ನೋಡಿಕೊಂಡರೆ ಇವಳದು ಕ್ಲಚ್ಚು. "ಕೂಗೋದು ಎಂಜಿನ್ನು, ಓಡೋದು ಕ್ಲಚ್ಚು," ಎಂದು ಅವನನ್ನು ಊಟದ ಹೊತ್ತಿನಲ್ಲೂ ಕೆಣಕುತ್ತಿದ್ದಳು.

ಇಂಥ ಬಂಡಿಗೆ ಮುಂದೊಂದು, ಹಿಂದೊಂದು ಕ್ಲಚ್ಚು; ಹಿಂದಿನದರೊಳಗೆ ಒಂದು ಲೋಹದ ಬಳೆ ಇರುತ್ತದೆ. ಅದರ ಅಂಚಿನಲ್ಲಿ ಸುರುಳಿಯಾಗಿ ಏರುವ ಇಳಿಜಾರು ಕೊರೆದಿರುತ್ತಾರೆ. ಚಿಕ್ಕ ಉರುಳೆಗಳು ಆ ಇಳಿಜಾರಿನ ಮೇಲೆ ನಡೆದಂತೆ ಬಂಡಿ ಗೇರು ಏರುತ್ತ ಹೋಗುತ್ತದೆ. ಇಳಿಜಾರು ಕಡಿದಾಗಿದ್ದರೆ ಬಂಡಿ ಅವಸರದಲ್ಲಿ ಏರಿ ಎಂಜಿನ್ನಿನ ಉಸಿರು ಕಟ್ಟುತ್ತದೆ. ತೀರಾ ಮಂದವಾದರೆ ಎಂಜಿನ್ನು ಬರಿದೇ ಕಿರುಚಿ ದಣಿಯುತ್ತದೆ. ಒಂದೆರಡು ಡಿಗ್ರಿಯಲ್ಲಿ ಗೆಲುವು ಸೋಲು. ಹಿಲ್ಯಾ ಯಾವ ಬಳೆಯ ಮೇಲೆ ಕೆತ್ತಿದ ಅಂಕಿಯನ್ನೂ ನಂಬಿದವಳಲ್ಲ. ಬ್ರೆಡ್ಡು ಬೇಯಿಸುವ ಕಾಗದವನ್ನು ಬಳೆಗೆ ಸುತ್ತಿ, ಇಳಿಜಾರಿನ ಅಂಚನ್ನು ಉಗುರಿನಿಂದ ಒತ್ತಿ, ಬಿಚ್ಚಿ ಹರಡುತ್ತಾಳೆ. ಸುರುಳಿಯಾಗಿದ್ದ ಏರು ಕಾಗದದ ಮೇಲೆ ನೆಟ್ಟಗೆ ಒಂದು ಗೆರೆಯಾಗಿ ಮಲಗುತ್ತದೆ. ಅದಕ್ಕೆ ಕೋನಮಾಪಕ ಇಟ್ಟು ಓದುತ್ತಾಳೆ.

ಈ ಸಲದ ಬಳೆ ಓನ್ನಿ ತರಿಸಿದ ಹೊಸದು, ದಪ್ಪಗೆ, ಮಿರಿಮಿರಿ ಮಿನುಗುವಂಥದು. ಹಿಲ್ಯಾ ಅದನ್ನೂ ಅಳೆದು "ನಲವತ್ತು, ಸರಿಯಾಗಿದೆ" ಎಂದು ತಾನೇ ಒಪ್ಪಿಗೆ ಕೊಟ್ಟಿದ್ದಳು. ಆದ್ದರಿಂದ ಈಗ ಬೈಯಲು ಅವಳಿಗೆ ತನ್ನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ.

ಬಂಡಿ ಓಡಿಸಿದ ಟೂಲಾ, ಓನ್ನಿಯ ಮಗಳು, ಹೆಲ್ಮೆಟ್ಟು ಕಿತ್ತೆಸೆದಳು. "ಅತ್ತೆ, ಅರ್ಧದಲ್ಲಿ ಯಾರೋ ಬಾಲ ಹಿಡ್ಕೊಂಡು ಎಳೆದ ಹಾಗಾಯ್ತು!"

"ಕೇಳಿಸ್ತು ಕಣೆ. ಕ್ಲಚ್ಚಿನ ಕವಚ ಬಿಚ್ಚು."

ಆಚೆ ಊರಿನ ಜೋರಿ ಟ್ರೆಂಬಾತ್ ಪೇಸ್ಟಿ ಎಂಬ ಮಾಂಸ ತುಂಬಿದ ಕಡುಬು ಕಚ್ಚುತ್ತ ನಮ್ಮ ಡೇರೆಯತ್ತಲೇ ಬಂದ. ಅವನ ಮುತ್ತಜ್ಜ ಇಲ್ಲಿನ ತಾಮ್ರದ ಗಣಿಗೆಂದು ಕಡಲಾಚೆಯ ಕಾರ್ನ್‌ವಾಲಿನಿಂದ ಬಂದವನು, ನಮ್ಮವರು ಫಿನ್ಲೆಂಡಿನಿಂದ. ಅಂದಿನಿಂದಲೂ ಕೊಲ್ಲಿಯ ಎರಡು ದಡಗಳು ಒಬ್ಬರನ್ನೊಬ್ಬರು ಹಂಗಿಸಿಕೊಂಡೇ ಬದುಕಿವೆ.

"ಏನಮ್ಮಾ ಹಿಲ್ಯಾ, ಬಂಡಿಗೂ ಮಂಡಿನೋವಾ?"

"ನಿನ್ನ ಪೇಸ್ಟಿಯಲ್ಲಿ ಗೆಡ್ಡೆ ಹಾಕಿಲ್ಲ ಕಣೋ, ಇಲ್ಲಿಂದ್ಲೇ ಗೊತ್ತಾಗ್ತಿದೆ. ಹೋಗಿ ಹೆಂಡತೀನ ಕೇಳು, ಯಾಕೆ ಬೇಜಾರು ಅಂತ."

ಅವನು ನಗುತ್ತ ಹೋದ. ಓನ್ನಿ ನಗಲಿಲ್ಲ. "ಅಕ್ಕಾ, ತಪ್ಪು ತಿಳ್ಕೋಬೇಡ. ಕಣ್ಣು..." ಎಂದು ನಿಲ್ಲಿಸಿದ.

ಹಿಲ್ಯಾ ಬಿಸಿ ಬಳೆಯನ್ನು ಕೈಗವಸಿನಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು. ತಿರುಗಿಸುತ್ತಿದ್ದ ಕೈ ನಿಂತಿತು. ಇಳಿಜಾರಿನ ಮೇಲೆ ಉರುಳೆಗಳು ನಡೆದ ಜಾಡು ಬೆಳ್ಳಿಯ ಎಳೆಯಂತೆ ಹೊಳೆಯುತ್ತಿತ್ತು. ಆದರೆ ಹೊರ ಅಂಚಿನಲ್ಲಲ್ಲ, ಒಳ ಅಂಚಿಗೆ ಅಂಟಿಕೊಂಡು.

"ಕಾಗದ ಕೊಡು," ಎಂದು ನನ್ನತ್ತ ಕೈ ಚಾಚಿದಳು. ಬ್ರೆಡ್ಡು ಸುತ್ತಿ ತಂದಿದ್ದ ಕಾಗದವನ್ನೇ ಹರಿದುಕೊಟ್ಟೆ. ಈ ಬಾರಿ ಅದನ್ನು ಬಳೆಯ ಹೊರಗೆ ಸುತ್ತಲಿಲ್ಲ. ಒಳಗೋಡೆಗೆ ಒತ್ತಿ ಕೂರಿಸಿ, ಉಗುರೆಳೆದು, ಹೊರತೆಗೆದಳು. ಆಮೇಲೆ ಇನ್ನೊಂದು ಚೂರನ್ನು ಹೊರಗಿನಿಂದ ಸುತ್ತಿ ಅದನ್ನೂ ಬಿಚ್ಚಿದಳು. ಎರಡನ್ನೂ ಬಂಡಿಯ ಸೀಟಿನ ಮೇಲೆ ಒಂದರ ಮೇಲೊಂದು ಇಟ್ಟಾಗ ಗೆರೆಗಳು ಒಂದೇ ಬಿಂದುವಿನಲ್ಲಿ ಹುಟ್ಟಿ ದೂರ ಸರಿದವು. ಹೊರಗಿನದು ನಲವತ್ತು. ಒಳಗಿನದು ನಲವತ್ನಾಲ್ಕು.

"ಒಂದೇ ಬಳೆ, ಎರಡು ಕೋನ ಹೆಂಗೆ ಅತ್ತೆ?" ಎಂದಳು ಟೂಲಾ.

"ದೀಪಸ್ತಂಭದ ಸುರುಳಿ ಮೆಟ್ಟಿಲು ಹತ್ತಿದ್ದೀಯಲ್ಲ? ಹೊರಗೋಡೆ ಹಿಡಿದು ಹತ್ತಿದ್ರೆ ನಡಿಗೆ. ನಡುಗಂಬ ಹಿಡಿದು ಹತ್ತಿದ್ರೆ ಏದುಸಿರು. ಮೆಟ್ಟಿಲು ಅದೇ ತಾನೆ?" ತಮ್ಮನ ಕಡೆ ತಿರುಗಿದಳು. "ನನ್ನ ಹಳೇ ಬಳೆಗಳೆಲ್ಲ ತೆಳ್ಳಗಿದ್ವು. ಹೊರಗೂ ಒಳಗೂ ಅಂತರಾನೇ ಇರಲಿಲ್ಲ. ಆ ರೂಢೀಲಿ ಈ ದಪ್ಪದವಳನ್ನೂ ಹೊರಗಿಂದ್ಲೇ ಅಳೆದೆ. ಕಣ್ಣು ಸರಿಯಾಗೇ ಓದ್ತು ಓನ್ನಿ. ಓದಿಸಿದ ಜಾಗ ತಪ್ಪು. ತಪ್ಪು ನಂದೇ. ಆದ್ರೆ ಕಣ್ಣಿಂದಲ್ಲ."

ಕಾಫಿ ಡಬ್ಬಿಯಲ್ಲಿ ಅವಳ ಹಳೆಯ ಬಳೆಗಳು ಗಲಗಲ ಎಂದವು. ಓನ್ನಿ ಒಂದನ್ನು ಹೆಕ್ಕಿದ. "ತಗೋ, ತೆಳ್ಳನೆ ನಲವತ್ತು. ಹಾಕ್ಬಿಡೋಣ."

"ಬೆಳಿಗ್ಗೆ ಆಗಿದ್ರೆ ಹಾಕ್ತಿದ್ದೆ." ಹಿಲ್ಯಾ ಗವಸು ಕಳಚಿ ಅಂಗೈ ಚಾಚಿದಳು. ಆಗಷ್ಟೇ ಬೀಳತೊಡಗಿದ್ದ ಹಿಮ ಹಗುರವಾಗಿರಲಿಲ್ಲ, ಒದ್ದೆ ಅರಳೆಯಂತೆ ಕೈಗೆ ಅಂಟಿತು. "ಇದು ಅಂಟಂಟು ಹಿಮ. ಬಂಡಿ ಕಾಲು ಹಿಡಿಯುತ್ತೆ. ಬೆಳಗ್ಗಿನ ಗಾಜಿನ ನೆಲ ಮುಗೀತು. ಈಗ ಇನ್ನೂ ಮಂದ ಇಳಿಜಾರು ಬೇಕು, ಮೂವತ್ತೆಂಟರಲ್ಲಿ ಹೊರಟು ಮೂವತ್ತಾರಕ್ಕೆ ಮುಗಿಯೋದು." ಡಬ್ಬಿಯ ತಳದಿಂದ ಮಂಕಾದ ಒಂದು ಬಳೆ ತೆಗೆದಳು. ಅದನ್ನೂ ಅಳೆದಳು. ಒಳಗಿನಿಂದ ಒಮ್ಮೆ, ಹೊರಗಿನಿಂದ ಒಮ್ಮೆ.

ಎರಡನೆಯ ಓಟದಲ್ಲಿ ಹಸಿರು ಬಂಡಿ ಮೊದಲು ಜಿಗಿಯಿತು. ಆದರೆ ಕೊಲ್ಲಿಯ ಅರ್ಧ ದಾಟುವಾಗ ನಮ್ಮ ದನಿ ಇಳಿಯಲಿಲ್ಲ. ಬಿಗಿದ ತಂತಿಯಂತೆ ಅದೇ ಸ್ವರದಲ್ಲಿ ನಿಂತಿತು. ಇಳಿದದ್ದು ಆಚೆಯವರದು, ಒದ್ದೆ ಹಿಮ ಅವರ ಬಂಡಿಯ ಕಾಲು ಹಿಡಿದಿತ್ತು. ಟೂಲಾ ಒಂದು ಮೂತಿಯಷ್ಟು ಮುಂದೆ ಗೆರೆ ದಾಟಿದಳು.

ಮೂರನೆಯದಕ್ಕೆ ಟ್ರೆಂಬಾತನ ಕಡೆಯವರೂ ಕ್ಲಚ್ಚು ಬಿಚ್ಚಿ ಏನೇನೋ ಬದಲಿಸಿದರು. ಹಿಲ್ಯಾ ತನ್ನದನ್ನು ಮುಟ್ಟಲೇ ಇಲ್ಲ. ಬಾವುಟ ಬಿದ್ದಾಗ ಅವಳು ಮತ್ತೆ ಕಣ್ಣು ಮುಚ್ಚಿದಳು. ಬಿಳಿ ತೆರೆಯೊಳಗೆ ಕೆಂಪು, ಹಸಿರು ಎರಡೂ ಕರಗಿದವು. ಉಳಿದದ್ದು ದನಿ ಮಾತ್ರ. ಅದು ಏರಿತು, ನಿಂತಿತು, ದೂರವಾಗುತ್ತ ಹೋದರೂ ಬಾಗಲಿಲ್ಲ. ಹಿಲ್ಯಾಳ ತುಟಿಯಂಚು ಮೇಲೆ ಹೋಯಿತು.

"ಕಣ್ಣು ಬಿಡಬಹುದು," ಎಂದಳು, ಮುಚ್ಚಿಕೊಂಡಿದ್ದವಳು ತಾನೇ ಆದರೂ.

ಗೆರೆಯ ಬಳಿ ನಮ್ಮ ಬಾವುಟ ಎದ್ದಿತು. ಆಮೇಲಿನ ಕೂಗಾಟ ಆಚೆ ದಡದ ಪೈನ್ ಕಾಡಿಗೆ ತಾಗಿ ಹಿಂದಿರುಗಿತು. ಟೂಲಾ ಬಂಡಿಯಿಂದ ಹಾರಿ ಅತ್ತೆಯನ್ನು ಎತ್ತಿ ಗಿರಗಿರ ತಿರುಗಿಸಿದಳು. "ಇಳಿಸೇ ಹುಚ್ಚಿ, ಸೊಂಟ!" ಎನ್ನುತ್ತಲೇ ಹಿಲ್ಯಾ ಅವಳ ಕತ್ತನ್ನು ಬಿಡಲಿಲ್ಲ. ಓನ್ನಿ ಬಳಿ ಬಂದು ಟೋಪಿ ತೆಗೆದ. ಕಾಫಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಅಕ್ಕನ ಮುಂದೆ ಚಾಚಿದ.

"ಮೇಜಿನ ಮೇಲೆ ಇಟ್ಟು ಬಾ. ಗ್ರೀಸಿನ ತುದೀಲಿ," ಎಂದಳು ಹಿಲ್ಯಾ.

ಟ್ರೆಂಬಾತ್ ಹಿಮ ತುಳಿಯುತ್ತ ಬಂದು ಕೈ ಕುಲುಕಿದ. "ಒಪ್ಪಿದೆ ತಾಯೀ, ಒಪ್ಪಿದೆ. ಈಗ ನಿಜ ಹೇಳು, ಒಳಗೆ ಎಷ್ಟು ಹಾಕಿದ್ದೆ? ನಲವತ್ತೆರಡಾ? ಹಿಮ ಬಿದ್ದ ಮೇಲೆ ಇಳಿಸಿದ್ಯಾ, ಏರಿಸಿದ್ಯಾ? ನೋಡು, ನಮ್ಮ ಹುಡುಗ್ರು ಹೇಳೋದು ಏನಂದ್ರೆ..."

"ಹಿಟ್ಟು ಉಬ್ಬಿ ಪಾತ್ರೆ ದಾಟಿರುತ್ತೆ," ಎನ್ನುತ್ತ ಹಿಲ್ಯಾ, ಮಡಚಿದ ಎರಡು ಕಾಗದಗಳನ್ನು ಜೇಬಿಗಿಳಿಸಿ, ಅವನ ಮಾತು ಇನ್ನೂ ನಡೆಯುತ್ತಿರುವಾಗಲೇ, ಬೀಳುವ ಹಿಮದೊಳಗೆ ಮನೆಯ ಕಡೆ ನಡೆದುಬಿಟ್ಟಳು.