ಚಿಕ್ಕತಾಯಮ್ಮನ ಮೀಸೆ

ಮೊನ್ನೆ ಮದುವೆಗೆ ಹೊರಟ ನನ್ನ ಹೆಂಡತಿ ಉಗುರಿಗೆ ಕೆಂಪು ಬಣ್ಣ ಹಚ್ಚುತ್ತಾ ಕೂತಿದ್ದಳು. 'ಈ ವಯಸ್ಸಿಗೆ ಇದೆಲ್ಲ ಬೇಕಾ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಶೀಶೆಯ ವಾಸನೆ ಮೂಗಿಗೆ ಬಡಿಯಿತು. ನಿಮಗೆ ಅದು ಉಗುರುಬಣ್ಣ. ನನಗೆ, ತುಂಡಾದ ಫಿಲಂ ಜೋಡಿಸುವ ಅಂಟು. ಬಾಯಿ ಮುಚ್ಚಿಕೊಂಡೆ.

ತೊಂಬತ್ತರ ದಶಕದಲ್ಲಿ ನಾನು ನಂಜನಗೂಡಿನ ಒಂದು ಟಾಕೀಸಿನಲ್ಲಿ ಸಿನಿಮಾ ಯಂತ್ರ ಓಡಿಸುವ ಆಪರೇಟರ್. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ ನೋಡಿ, ಊರಿನ ಮರ್ಯಾದೆ ಕಾಯುವುದೂ ನನ್ನದೇ ಕೆಲಸ ಎಂದುಕೊಂಡಿದ್ದೆ.

ಆಗೊಂದು ವಿಚಿತ್ರ ಚಿತ್ರ ಬಂತು. ಮರ್ಯಾದಸ್ಥ ಸಿನಿಮಾಗಳ ಮೇಲೆ ಸಿಟ್ಟಾದ ನಾಲ್ಕು ಜನ ಸೇರಿ, ನಟರ ಬದಲು ಕೂಲಿ ಕೆಲಸದವರಿಗೇ ವೇಷ ಹಾಕಿಸಿ ತೆಗೆದದ್ದು. ತೆರೆಯ ತುಂಬ ಪ್ಲಾಸ್ಟಿಕ್ ಹೂವು, ಸೀರಿಯಲ್ ಬಲ್ಬು, ರಕ್ತವೆಂದು ಬಕೆಟ್ಟುಗಟ್ಟಲೆ ಕುಂಕುಮದ ನೀರು. ನಡುವೆ ದಪ್ಪನೆಯ ಹೆಂಗಸೊಬ್ಬಳು ಜರಿಪೇಟ ಸುತ್ತಿ, ಮೀಸೆ ಅಂಟಿಸಿಕೊಂಡು, ಯಜಮಾನನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ, ಸಾಲಾಗಿ ಬಗ್ಗಿದ ಗಂಡಸರ ತಲೆಗೆ ಸೌಟಿನಿಂದ ಪಾಯಸ ಸುರಿದು ನಗುತ್ತಾಳೆ. ಸ್ಪೀಕರ್ ಬಿರಿಯುವಂಥ ನಗು.

ಮೊದಲ ಆಟದಲ್ಲಿ ನನ್ನ ಕೈ ನನ್ನದೇ ಮೀಸೆಗೆ ಹೋಯಿತು. ಎರಡನೇ ಆಟಕ್ಕೆ ಮುಂಚೆ ಕತ್ತರಿಗೆ ಹೋಯಿತು. ಆ ದೃಶ್ಯವನ್ನು ಕತ್ತರಿಸಿ, ಫಿಲಂ ತುಂಡನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿದೆ.

ಭಾನುವಾರ ಮ್ಯಾಟ್ನಿಗೆ ಪಕ್ಕದ ತಾಂಡ್ಯದ ಕಾರ್ಖಾನೆಯ ಹೆಂಗಸರ ದಂಡು ಬಂತು. ಆ ಮೀಸೆಯವಳು, ಚಿಕ್ಕತಾಯಮ್ಮ, ಅಲ್ಲೇ ಪ್ಯಾಕಿಂಗ್ ಕೆಲಸದವಳೆಂದು ನನಗೇನು ಗೊತ್ತು! ಆಟ ಬಿಟ್ಟಾಗ ಗೆಳತಿಯರು, "ಎಲ್ಲಮ್ಮೀ ನಿನ್ ಮೀಸೆ? ಬೋಳಿಸ್ಬುಟ್ರಾ?" ಎಂದು ಆಡಿಸುತ್ತಿದ್ದರು. ಅವಳು ಮೆಟ್ಟಿಲು ಹತ್ತಿ ನನ್ನ ಕೋಣೆಯ ಬಾಗಿಲಲ್ಲಿ ನಿಂತಳು.

"ಸಾ, ಪಿಚ್ಚರ್‌ನಲ್ಲಿ ನಾನೆಲ್ಲೋದೆ?"

"ಬೆಂಗಳೂರಲ್ಲೇ ಕತ್ತರಿಸಿ ಕಳಿಸಿದ್ದಾರಮ್ಮ," ಎಂದೆ. ಡಬ್ಬಿ ನನ್ನ ಮೊಣಕೈ ಪಕ್ಕದಲ್ಲೇ ಇತ್ತು.

"ನನ್ ಮಕ ಇದ್ದುದ್ದೇ ಅದೊಂದ್ ಸೀನಲ್ಲಿ," ಎಂದು ಇಳಿದು ಹೋದಳು.

ಆಮೇಲೆ ಆ ತುಂಡನ್ನು ದೀಪಕ್ಕೆ ಹಿಡಿದು ನೋಡಿದೆ. ಚೌಕ ಚೌಕದಲ್ಲೂ ಅವಳು ನಗುತ್ತಿದ್ದಳು. ಖಳನಾಯಕರು ಹೆಣ್ಣಿನ ಸೀರೆ ಎಳೆಯುವ ದೃಶ್ಯಗಳನ್ನು ನಾನು ಎಷ್ಟೋ ವರ್ಷದಿಂದ ತೋರಿಸುತ್ತಿದ್ದೆ; ಒಮ್ಮೆಯೂ ಕತ್ತರಿ ಎದ್ದಿರಲಿಲ್ಲ. ಹೆಣ್ಣೊಬ್ಬಳು ಪಾಯಸ ಸುರಿದದ್ದಕ್ಕೆ ಎದ್ದಿತ್ತು. ಇದಕ್ಕಿಂತ ದೊಡ್ಡ ತಪ್ಪೊಪ್ಪಿಗೆ ನನ್ನ ಬಳಿ ಇಲ್ಲ.

ಅಷ್ಟರಲ್ಲಿ ರೀಲುಗಳು ಬಸ್ಸು ಹತ್ತಿ ತಿ. ನರಸೀಪುರದ ಟಾಕೀಸಿಗೆ ಹೋಗಿದ್ದವು. ಕಾರ್ಖಾನೆ ಗೇಟಿನಲ್ಲಿ ಕಾದು, ಡಬ್ಬಿ ತೋರಿಸಿ ನಿಜ ಹೇಳಿದೆ. ಚಿಕ್ಕತಾಯಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಕತ್ತರ್ಸಿದ್ ಕೈಲೇ ಅಂಟ್ಸಿ ಸಾ. ಎಲ್ರೂ ಬತ್ತೀವಿ."

ಮುಂದಿನ ಭಾನುವಾರ ನರಸೀಪುರದ ಆಪರೇಟರನ್ನು ಕಾಡಿ ಬೇಡಿ, ಫಿಲಂ ಅಂಚನ್ನು ಕೆರೆದು, ಅಂಟು ಹಚ್ಚಿ ಒತ್ತಿ ಹಿಡಿದೆ. ಆಟ ಶುರುವಾಯಿತು. ಪೇಟ ಬಂತು, ಮೀಸೆ ಬಂತು, ಸೌಟು ಎದ್ದಿತು. ಹಿಂದಿನ ಸಾಲಿನಿಂದ ಒಬ್ಬ, "ಯಾವಳ್ಲಾ ಇವ್ಳು, ನಿಲ್ಸ್ಲಾ!" ಎಂದು ಕೂಗಿದ.

ಕತ್ತಲಲ್ಲಿ ಚಿಕ್ಕತಾಯಮ್ಮ ಎದ್ದು ನಿಂತಳು. "ನಾನೇ ಕಣ್ಲಾ! ಬಾ, ನಿಂಗೂ ಒಂದ್ ಸೌಟು ಉಯ್ತೀನಿ!"

ಟಾಕೀಸು ನಕ್ಕ ನಗೆಯಲ್ಲಿ ತೆರೆಯ ಮೇಲಿನ ನಗುವೇ ಕೇಳಲಿಲ್ಲ. ಹೆಂಗಸರು ಶಿಳ್ಳೆ ಹೊಡೆದರು. "ಒನ್ಸ್ ಮೋರ್!" ಎಂದರು. ಯಂತ್ರ ನಿಲ್ಲಿಸಿ, ರೀಲು ಹಿಂದಕ್ಕೆ ಸುತ್ತಿ ಮತ್ತೆ ತೋರಿಸಿದೆವು. ಮೂರು ಸಲ. ನನ್ನ ಅಂಟು ಬಿಡಲಿಲ್ಲ.

ಇಷ್ಟು ನೆನೆಯುವ ಹೊತ್ತಿಗೆ ಹೆಂಡತಿ ಶೀಶೆಯ ಮುಚ್ಚಳ ತಿರುಗಿಸುತ್ತಿದ್ದಳು. ಕತ್ತರಿ ಹಿಡಿದಿದ್ದ ಬಲಗೈಯನ್ನು ಅವಳ ಮುಂದೆ ಚಾಚಿದೆ.

"ನನಗೂ ಹಚ್ಚು."

"ಇದೇನ್ರೀ ನಿಮ್ದು! ಮದ್ವೆ ಮನೇಲಿ ನಾಲ್ಕು ಜನ ನೋಡಲ್ವಾ?"

"ನೋಡ್ಲಿ ಅಂತಾನೇ," ಎಂದೆ.

ಐದು ಬೆರಳೂ ಕೆಂಪಾದವು. ಮದುವೆಯ ಪಂಕ್ತಿಯಲ್ಲಿ ಕೂತು, ಆ ಕೈಯನ್ನೇ ಎತ್ತಿ ಕರೆದು ಎರಡು ಸಲ ಪಾಯಸ ಹಾಕಿಸಿಕೊಂಡೆ.