ಸಂದಿ ಮುಚ್ಚಿದ ಗೋಡೆ

ಮೊನ್ನೆ ಪಕ್ಕದ ಮನೆಯವರು ಕಾಂಪೌಂಡಿಗೆ ಸಿಮೆಂಟು ಕಲಸುತ್ತಿದ್ದರು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕಲ್ಲುಕುಟಿಗ ಅಜ್ಜ ನೆನಪಾದ…

ಅಜ್ಜ ರಾಯಚೂರಿನ ಕೋಟೆಗೋಡೆಗೆ ಬೆನ್ನು ಕೊಟ್ಟು ಕೂತು, ಸವೆದ ಬೀಸುವ ಕಲ್ಲುಗಳನ್ನು ಉಳಿಯಿಂದ ಮತ್ತೆ ಒರಟು ಮಾಡಿಕೊಡುತ್ತಿದ್ದ. ಎರಡು ನದಿಗಳ ನಡುವಿನ ಈ ಗಡಿನೆಲಕ್ಕಾಗಿ ಬಡಿದಾಡಿದ ರಾಜರಲ್ಲಿ ಒಬ್ಬರ ಹೆಸರೂ ಅವನಿಗೆ ಗೊತ್ತಿರಲಿಲ್ಲ. ಗಾರೆಯಿಲ್ಲದೆ ಕೂರಿಸಿದ ಆ ದೊಡ್ಡ ಕಲ್ಲುಗಳಲ್ಲಿ ಯಾವುದು ಯಾವುದರ ಭಾರ ಹೊತ್ತಿದೆ ಎಂಬುದನ್ನು ಮಾತ್ರ ಬೆರಳಿಟ್ಟು ತೋರಿಸುತ್ತಿದ್ದ.

ನಾನಾಗ ಹೊಸದಾಗಿ ಇತಿಹಾಸದ ಮೇಷ್ಟ್ರಾಗಿದ್ದೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಕೋಟೆ ಉಳಿಸುತ್ತೇನೆಂದು ಗೆಳೆಯರನ್ನು ಕಟ್ಟಿಕೊಂಡು ಹೊರಟೆ. ಸಂದಿಗಳಲ್ಲಿ ಬೆಳೆದ ಗಿಡ ಕಿತ್ತೆವು. ಅಲ್ಲಿಯವರೆಗೆ ಅಜ್ಜ ಖುಷಿಯಾಗಿದ್ದ. ಸಂದಿಗೆ ಸಿಮೆಂಟು ಮೆತ್ತತೊಡಗಿದಾಗ ಎದ್ದು ಬಂದ.

"ಸಂದಿ ಮುಚ್ಚಬ್ಯಾಡ್ರಿ ಸರ. ಒಳಗ ಮಣ್ಣು ಅದ. ಮಳಿ ನೀರು ಎಲ್ಲಿಂದ ಹೊರಗ ಬರಬೇಕು?"

"ಗೋಡಿ ಗಟ್ಟಿ ಆಗ್ತದಜ್ಜ, ನೀ ಸುಮ್ನಿರು" ಎಂದೆ. ಓದಿದವನ ಸೊಕ್ಕು.

ಎರಡನೇ ಮಳೆಗಾಲಕ್ಕೆ ಗೋಡೆ ಹೊಟ್ಟೆ ಉಬ್ಬಿಸಿಕೊಂಡಿತು. ಒಂದು ಬೆಳಿಗ್ಗೆ ನೋಡಿದರೆ, ನಾವು ಮೆತ್ತಿದ ಭಾಗವಷ್ಟೇ ಕುಸಿದಿತ್ತು. ಅಜ್ಜ ಬೈಯುತ್ತಾನೆಂದುಕೊಂಡೆ; ಬೈದಿದ್ದರೆ ಚೆನ್ನಾಗಿತ್ತು. ಅವನು ಬಿದ್ದ ಕಲ್ಲುಗಳ ಮೇಲೆ ಸುಣ್ಣದಿಂದ ಗೀಟು, ಚುಕ್ಕಿ ಹಾಕುತ್ತಿದ್ದ. ಯಾವ ಕಲ್ಲು ಎಲ್ಲಿತ್ತು ಎಂಬುದರ ಗುರುತು ಅವು. ಜನ ಮನೆಯ ಪಾಯಕ್ಕೆ ಒಯ್ಯದಂತೆ ಅಲ್ಲೇ ಕಾವಲು ಕೂತ. ಮಳೆಗೆ ಸುಣ್ಣ ತೊಳೆದುಹೋದಾಗಲೆಲ್ಲ ಮತ್ತೆ ಬರೆದ.

"ಉಳಿಯಿಂದ ಕೆತ್ತಿಬಿಡಜ್ಜ" ಎಂದೆ ಒಮ್ಮೆ.

"ಹಿರೇರು ಕೂಡ್ಸಿದ ಕಲ್ಲಿಗೆ ನಾ ಗಾಯ ಮಾಡಂಗಿಲ್ಲ. ನಾ ಹೇಳ್ತೀನಿ, ನೀವು ಬರಕೋರಿ ಸರ."

ನಾಳೆ ಬರೆದುಕೊಂಡರಾಯಿತು ಎಂದುಕೊಂಡೆ. ನಾಳೆ ಪರೀಕ್ಷೆ, ನಾಡಿದ್ದು ಮತ್ತೇನೋ… ಅಷ್ಟರಲ್ಲಿ ಮಾನ್ವಿಗೆ ವರ್ಗವಾಯಿತು. ಅಜ್ಜ ತೀರಿಹೋದ ಸುದ್ದಿ ನನಗೆ ಅಲ್ಲಿ, ಆರು ತಿಂಗಳು ತಡವಾಗಿ ತಲುಪಿತು. ಅಂದು ಪಾಠ ಮಾಡಲಾಗಲಿಲ್ಲ.

ಈ ವರ್ಷ ಕೊನೆಗೂ ಗೋಡೆ ಎತ್ತಿಕಟ್ಟುವ ಕೆಲಸ ಶುರುವಾಗಿದೆ. ಹಳೇ ಮೇಷ್ಟ್ರೆಂದು ನಿನ್ನೆ ನನ್ನನ್ನೂ ಕರೆಸಿದ್ದರು. ಅಜ್ಜ ಹೋದ ಮೇಲೂ ಓಣಿಯವರು ಅವನ ಒಂದು ಕಲ್ಲನ್ನೂ ಮುಟ್ಟಿಲ್ಲ. ಎಲ್ಲ ಹಾಗೇ ಇವೆ, ಬೋಳಾಗಿ, ಒಂದು ಗೀಟೂ ಇಲ್ಲದೆ.

"ಯಾವ ಕಲ್ಲು ಎಲ್ಲಿತ್ತಂತ ಯಾರರೆ ಬರದಿಟ್ಟಾರೇನ್ರಿ ಸರ?" ಎಂದಳು ಕೆಲಸ ನೋಡಿಕೊಳ್ಳುವ ಎಂಜಿನಿಯರ್.

"ಇಲ್ಲವ್ವ" ಎಂದೆ. "ಹೇಳಾಕ ಒಬ್ಬ ಅಜ್ಜ ಇದ್ದ. ಬರಕೊಳ್ಳಬೇಕಾದಾಂವ ನಾನಾಗಿದ್ದೆ."